ಸೆಕೆಯ ಊರಲ್ಲೂ ಹಿಮ್ಮಡಿ ಒಡೆಯೋದು ಯಾಕೆ ಸಿಸ್ಟರ್?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಹಿಮ್ಮಡಿಯದ್ದೇ. ಬೆಳಗ್ಗಿನ ಹೊತ್ತು ಘಟ್ಟದ ಕಡೆಯಿಂದ ಒಣಗಾಳಿ ಬೀಸಲು ಶುರುವಾದರೆ ಸಾಕು, ಎಲ್ಲರಿಗೂ ಒಟ್ಟಿಗೇ ಕಾಲು ನೆನಪಾಗುತ್ತದೆ. ಕೂದಲು ಉದುರುವವರು ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಸರದಿ ಮುಂದಿನ ಸಂಚಿಕೆಗೆ. ಹೊಸದಾಗಿ ಓದುವವರಿಗೆ ಒಂದು ಮಾತು: ನಾನು ಡಾಕ್ಟರ್ ಅಲ್ಲ. ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಹೆಚ್ಚಿನ ಕಾಲ ಡ್ರೆಸಿಂಗ್ ರೂಮಿನಲ್ಲೇ ಇದ್ದದ್ದರಿಂದ ಜನರ ಮುಖಕ್ಕಿಂತ ಕಾಲು ನೋಡಿದ್ದೇ ಜಾಸ್ತಿ.

ಪ್ರಶ್ನೆ: ನನಗೆ 42 ವರ್ಷ. ದಿನಾ ರಾತ್ರಿ ಹಿಮ್ಮಡಿಗೆ ತೆಂಗಿನೆಣ್ಣೆ ಹಚ್ಚಿಯೇ ಮಲಗುತ್ತೇನೆ. ಆದರೂ ಬಿರುಕು ಹೋಗುತ್ತಿಲ್ಲ. ನಡೆಯುವಾಗ ಸೀರೆಯ ಫಾಲ್ ಸಿಕ್ಕಿಕೊಂಡು ಎಳೆ ಕಿತ್ತು ಬರುತ್ತದೆ. ನಮ್ಮ ಕಡೆ ಗಾಳಿಯಲ್ಲೇ ನೀರು, ಕೂತಲ್ಲೇ ಬೆವರು. ಇಂಥ ಊರಲ್ಲಿ ಕಾಲು ಒಣಗುವುದಾದರೂ ಹೇಗೆ ಸಿಸ್ಟರ್? (ಗೃಹಿಣಿ, ಕಟಪಾಡಿ)

ಉತ್ತರ: ಒಳ್ಳೆಯ ಪ್ರಶ್ನೆ ಅಮ್ಮ. ಬಯಲುಸೀಮೆಯವರಿಗೆ ಕಾಲು ಒಡೆದರೆ ಆಶ್ಚರ್ಯವಿಲ್ಲ, ನಮಗ್ಯಾಕೆ ಒಡೆಯಬೇಕು, ಅಲ್ವಾ?

ಮೊದಲ ವಿಷಯ, ಅಂಗಾಲಿನಲ್ಲಿ ಎಣ್ಣೆಯ ಗ್ರಂಥಿಗಳೇ ಇಲ್ಲ. ಮುಖದಲ್ಲಿ, ತಲೆಯಲ್ಲಿ, ಬೆನ್ನಲ್ಲಿ ಚರ್ಮ ತಾನಾಗಿಯೇ ಜಿಡ್ಡು ಬಿಡುತ್ತದೆ. ಅಂಗಾಲಿನಲ್ಲಿ ಬರೀ ಬೆವರು. ಅದರ ಮೇಲೆ ಹಿಮ್ಮಡಿಯ ಚರ್ಮ ಮೈಯಲ್ಲೆಲ್ಲ ದಪ್ಪ. ಮೇಲಿನ ಪದರ ಪೂರ್ತಿ ಸತ್ತ ಕೋಶಗಳದ್ದು.

ಎರಡನೆಯದು ನಿಲ್ಲುವುದು. ಇವತ್ತು ಒಂದು ಸಣ್ಣ ಪರೀಕ್ಷೆ ಮಾಡಿ. ಕುರ್ಚಿಯಲ್ಲಿ ಕೂತು ಹಿಮ್ಮಡಿ ಮುಟ್ಟಿ ನೋಡಿ. ಆಮೇಲೆ ಎದ್ದು ನಿಂತು ಕನ್ನಡಿಯಲ್ಲಿ ಹಿಂದಿನಿಂದ ನೋಡಿ. ಹಿಮ್ಮಡಿ ಎರಡೂ ಬದಿಗೆ ಅಗಲ ಆಗಿರುತ್ತದೆ. ಅದರೊಳಗೆ ಕೊಬ್ಬಿನ ಒಂದು ಮೆತ್ತೆ ಉಂಟು, ಭಾರ ಬಿದ್ದಾಗ ಅದು ಹರಡುತ್ತದೆ. ಸುತ್ತಲಿನ ಚರ್ಮ ಮೆತ್ತಗಿದ್ದರೆ ಅದರ ಜೊತೆ ಹಿಗ್ಗುತ್ತದೆ. ಗಟ್ಟಿಯಾಗಿದ್ದರೆ ಬಿರಿಯುತ್ತದೆ. ಅದಕ್ಕೇ ಬಿರುಕು ಯಾವಾಗಲೂ ಅಂಚಿನಲ್ಲಿ. ಬೆಳಗ್ಗೆ ದೋಸೆಗೆ ನಿಂತವರು ಮಧ್ಯಾಹ್ನದ ಗಂಜಿ, ಪದಾರ್ಥ ಮುಗಿಯುವ ತನಕ ಗ್ರಾನೈಟ್ ನೆಲದ ಮೇಲೆ ಬರಿಗಾಲಲ್ಲೇ ನಿಂತಿರುತ್ತೀರಿ. ಹಿಂದೆ ಸಗಣಿ ಸಾರಿಸಿದ ನೆಲ ಸ್ವಲ್ಪವಾದರೂ ಮೆತ್ತಗಿತ್ತು. ಈಗಿನ ಟೈಲ್ಸ್‌ಗೆ ಆ ಕರುಣೆ ಇಲ್ಲ.

ಮೂರನೆಯದೇ ನಿಮ್ಮ ಸೆಕೆಯ ಪ್ರಶ್ನೆಗೆ ಉತ್ತರ. ನಮ್ಮ ಕಡೆಯ ಕಾಲು ಒಣಗುವುದು ನೀರಿನಿಂದಲೇ. ಬಚ್ಚಲಿಗೆ ಹೋಗಿ ಬಂದಾಗ ಒದ್ದೆ, ಪಾತ್ರೆ ತೊಳೆಯುವಾಗ ಒದ್ದೆ, ಅಂಗಳದಿಂದ ಒಳಗೆ ಬರುವಾಗ ಮತ್ತೆ ತೊಳೆದು ಒದ್ದೆ. ಒರೆಸುವುದು ಯಾರು? ಫ್ಯಾನಿನ ಗಾಳಿಗೆ ಅದೇ ಒಣಗುತ್ತದೆ. ಚರ್ಮದ ಒಳಗೆ ನೀರನ್ನು ಹಿಡಿದಿಡುವ ಕೆಲವು ವಸ್ತುಗಳಿರುತ್ತವೆ. ಹೀಗೆ ನೆನೆದು ಒಣಗಿ, ನೆನೆದು ಒಣಗಿ ಅವು ತೊಳೆದುಹೋಗುತ್ತವೆ. ಸಾಬೂನು ಸೇರಿದರೆ ಇನ್ನೂ ಬೇಗ. ಆಮೇಲೆ ಗಾಳಿಯಲ್ಲಿ ಎಷ್ಟು ತೇವ ಇದ್ದರೂ ಆ ಚರ್ಮಕ್ಕೆ ಹಿಡಿದುಕೊಳ್ಳಲು ಆಗುವುದಿಲ್ಲ.

ಇನ್ನು ನಿಮ್ಮ ತೆಂಗಿನೆಣ್ಣೆ. ಎಣ್ಣೆಯದ್ದು ತಪ್ಪಿಲ್ಲ, ಹಚ್ಚುವ ಹೊತ್ತು ಮಾತ್ರ ಸರಿಯಿಲ್ಲ. ಗಟ್ಟಿ ಅವಲಕ್ಕಿಗೆ ಎಷ್ಟು ಎಣ್ಣೆ ಸುರಿದರೂ ಅದು ಮೆತ್ತಗಾಗುತ್ತದಾ? ನೀರಲ್ಲಿ ನೆನೆಸಿದರೆ ಮಾತ್ರ ಆಗುತ್ತದೆ. ಹಿಮ್ಮಡಿಯೂ ಅಷ್ಟೇ. ಮೆತ್ತಗೆ ಮಾಡುವುದು ನೀರು. ಆ ನೀರು ಆರಿ ಹೋಗದ ಹಾಗೆ ತಡೆಯುವುದಷ್ಟೇ ಎಣ್ಣೆಯ ಕೆಲಸ. ನೀವು ಒಣಗಿದ ಕಾಲಿಗೆ ಎಣ್ಣೆ ಹಚ್ಚಿ ಬೆಡ್‌ಶೀಟಿಗೆ ಒರೆಸುತ್ತಿದ್ದೀರಿ.

ಹಾಗಾದರೆ ಮಾಡುವುದು ಹೇಗೆ? ರಾತ್ರಿ ಎಲ್ಲ ಕೆಲಸ ಮುಗಿದ ಮೇಲೆ ಒಂದು ಬೇಸಿನ್‌ನಲ್ಲಿ ಉಗುರು ಬೆಚ್ಚಗಿನ ನೀರು ತೆಗೆದುಕೊಳ್ಳಿ. ಹಿಮ್ಮಡಿ ಮುಳುಗಿದರೆ ಸಾಕು. 10ರಿಂದ 15 ನಿಮಿಷ. ಶಾಂಪೂ, ಉಪ್ಪು, ಡೆಟಾಲ್ ಏನೂ ಬೇಡ. ಬಿಸಿ ಜಾಸ್ತಿ ಇದ್ದರೆ ಹಿತವಾಗಿರುತ್ತದೆ ನಿಜ, ಆದರೆ ಇದ್ದಬದ್ದ ಜಿಡ್ಡನ್ನೂ ಅದು ತೆಗೆಯುತ್ತದೆ. ನೆಂದ ಮೇಲೆ ಹಿಮ್ಮಡಿಯ ಅಂಚು ಬೆಳ್ಳಗೆ, ಸ್ವಲ್ಪ ಉಬ್ಬಿದ ಹಾಗೆ ಕಾಣುತ್ತದೆ. ಆ ಬೆಳ್ಳಗಿನ ಭಾಗವನ್ನು ಮಾತ್ರ ಪ್ಯೂಮಿಸ್ ಕಲ್ಲಿನಿಂದ ಹಗುರ ಕೈಯಲ್ಲಿ ಉಜ್ಜಿ. ಹಿತ್ತಿಲಿನ ಒಗೆಯುವ ಕಲ್ಲಿಗೆ ಕಾಲು ತಿಕ್ಕುವ ಹಳೆಯ ಅಭ್ಯಾಸ ಬಿಡಿ. ಅದಕ್ಕೆ ಎಲ್ಲಿ ಸತ್ತ ಚರ್ಮ, ಎಲ್ಲಿ ಜೀವ ಇರುವ ಚರ್ಮ ಅಂತ ಗೊತ್ತಾಗುವುದಿಲ್ಲ. ಒಂದೇ ದಿನದಲ್ಲಿ ನುಣ್ಣಗೆ ಮಾಡಲು ಹೊರಡಬೇಡಿ. ಜಾಸ್ತಿ ಕೆರೆದರೆ ಚರ್ಮ ಇನ್ನೂ ದಪ್ಪ ಬೆಳೆಯುತ್ತದೆ. ಕಲ್ಲು ವಾರಕ್ಕೆ ಎರಡು ಮೂರು ಸಲ ಸಾಕು. ನೆನೆಸುವುದು ಮೊದಲ ಕೆಲವು ದಿನ ದಿನಾ ಇರಲಿ, ಆಮೇಲೆ ಅದೂ ವಾರಕ್ಕೆ ಎರಡು ಮೂರು ಸಲಕ್ಕೆ ಇಳಿಯಲಿ. ಉಳಿದ ದಿನ ಸ್ನಾನ ಮುಗಿದ ಕೂಡಲೇ ಹಚ್ಚಿದರೆ ಆಯಿತು.

ಬೈರಾಸಿನಲ್ಲಿ ಒತ್ತಿ ಒರೆಸಿ. ಬೆರಳ ಸಂದು ಪೂರ್ತಿ ಒಣಗಬೇಕು. ಹಿಮ್ಮಡಿ ಮಾತ್ರ ಸ್ವಲ್ಪ ತೇವ ಇರಲಿ. ಆ ತೇವ ಆರುವ ಮೊದಲು ಪೆಟ್ರೋಲಿಯಂ ಜೆಲ್ಲಿ ದಪ್ಪಕ್ಕೆ ಹಚ್ಚಿ. ತೆಂಗಿನೆಣ್ಣೆಯೇ ಬೇಕೆಂದರೆ ಅದೂ ನಡೆಯುತ್ತದೆ, ಆದರೆ ನೀರನ್ನು ತಡೆಯುವುದರಲ್ಲಿ ಜೆಲ್ಲಿ ಅದಕ್ಕಿಂತ ಗಟ್ಟಿ. ಮೇಲೆ ಹಳೆಯ ಹತ್ತಿ ಸಾಕ್ಸ್. ಸೆಕೆಗೆ ಸಾಕ್ಸ್ ಯಾರು ಹಾಕುತ್ತಾರೆ ಎನ್ನಬೇಡಿ, ಮುಂದಿನ ತುದಿ ಕತ್ತರಿಸಿಬಿಡಿ. ಬೆರಳಿಗೆ ಗಾಳಿ ಸಿಗುತ್ತದೆ, ಹಿಮ್ಮಡಿ ಮುಚ್ಚಿರುತ್ತದೆ. ಇನ್ನೊಂದು ಮಾತು, ಜೆಲ್ಲಿ ಹಚ್ಚಿದ ಬರಿಗಾಲಲ್ಲಿ ಓಡಾಡಲೇಬೇಡಿ. ಕಾವಿ ನೆಲವಾಗಲಿ ಟೈಲ್ಸ್ ಆಗಲಿ, ಜಾರಿ ಬಿದ್ದು ಸೊಂಟ ಮುರಿದುಕೊಂಡವರನ್ನು ನಾನು ವಾರ್ಡಿನಲ್ಲಿ ನೋಡಿದ್ದೇನೆ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರು ರಾತ್ರಿ ಎದ್ದು ಬಾತ್‌ರೂಮಿಗೆ ಹೋಗಿ ಬಂದ ಮೇಲೆಯೇ ಹಚ್ಚಿ.

ಅಡುಗೆಮನೆಯಲ್ಲಿ ಮೆತ್ತನೆಯ ಚಪ್ಪಲಿ ಹಾಕಿದರೆ ಅರ್ಧ ಸಮಸ್ಯೆ ಮುಗಿಯಿತು. ಮನೆಯೊಳಗೆ ಚಪ್ಪಲಿಯಾ ಅಂತ ಅತ್ತೆ ಮುಖ ಸಿಂಡರಿಸಬಹುದು. ಹೊರಗಿನ ಮಣ್ಣು ಕಾಣದ, ಒಳಗಿಗೆ ಅಂತಲೇ ಬೇರೆ ಒಂದು ಜೊತೆ ತೆಗೆದಿಡಿ, ದೇವರ ಕೋಣೆಯ ಹೊಸ್ತಿಲ ಹೊರಗೆ ಬಿಡಿ. ಅದೂ ಆಗುವುದಿಲ್ಲ ಎಂದರೆ ಒಲೆಯ ಎದುರು ದಪ್ಪ ಮ್ಯಾಟ್ ಹಾಕಿ. ಎರಡು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ. ಆಳದ ಬಿರುಕಾದರೆ ತಿಂಗಳ ಮೇಲೂ ಬೇಕು.

ಪ್ರಶ್ನೆ: ಅಜ್ಜಿ ಪುನರ್ಪುಳಿ ಬೀಜದ ತುಪ್ಪ ಹಚ್ಚುತ್ತಿದ್ದರು. ಮಾವ ಮಾತ್ರ ಗೇರೆಣ್ಣೆಯೇ ಬೆಸ್ಟ್, ಒಂದೇ ಸಲಕ್ಕೆ ಒಡಕು ಮುಚ್ಚುತ್ತದೆ ಅನ್ನುತ್ತಾರೆ. ಯಾವುದು ಸರಿ? (ಶಿಕ್ಷಕಿ, ಕಾರ್ಕಳ)

ಉತ್ತರ: ಅಜ್ಜಿಗೇ ನನ್ನ ಓಟು. ಪುನರ್ಪುಳಿ ಸಿಪ್ಪೆ ಶರಬತ್ತಿಗೆ, ಸಾರಿಗೆ ಹೋದ ಮೇಲೆ ಉಳಿಯುವ ಬೀಜ ಒಣಗಿಸಿ, ಜಜ್ಜಿ, ನೀರಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ಅದನ್ನು ತೆಗೆದು ಉಂಡೆ ಕಟ್ಟಿಡುತ್ತಿದ್ದರು. ಉತ್ತರ ಕನ್ನಡದವರ ಮುರುಗಲು ತುಪ್ಪವೂ ಇದೇ. ನಮ್ಮ ಮೇ ತಿಂಗಳ ಸೆಕೆಯಲ್ಲೂ ಇದು ಕರಗದೆ ಗಟ್ಟಿಯಾಗಿಯೇ ಇರುತ್ತದೆ, ಅದೇ ಇದರ ಗುಣ. ಕಾಲಿನ ಮೇಲೆ ಜಾರಿ ಹೋಗದೆ ಕೂತುಕೊಳ್ಳುತ್ತದೆ. ಆದರೆ ಹಾಗೇ ಉಜ್ಜಿದರೆ ಹರಡುವುದಿಲ್ಲ. ಒಂದು ಪಾಲು ತುಪ್ಪಕ್ಕೆ ಎರಡು ಪಾಲು ತೆಂಗಿನೆಣ್ಣೆ ಸೇರಿಸಿ, ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲಿಟ್ಟು ಕರಗಿಸಿ. ಆರಿದ ಮೇಲೆ ಮುಲಾಮಿನ ಹದಕ್ಕೆ ಬರುತ್ತದೆ. ಬಿಸಿ ಇದ್ದಾಗಲೇ ಬಿರುಕಿಗೆ ಹೊಯ್ಯಬೇಡಿ.

ಗೇರೆಣ್ಣೆ ಮಾತ್ರ ಬೇಡವೇ ಬೇಡ. ಅದು ಗೇರುಬೀಜದ ಸಿಪ್ಪೆಯೊಳಗಿನ ಕಪ್ಪು ರಸ. ಹಸಿ ಗೇರುಬೀಜ ಕಚ್ಚಿ ತುಟಿ ಸುಟ್ಟುಕೊಂಡ ನೆನಪು ನಮ್ಮ ಕಡೆ ಬಹಳ ಜನರಿಗೆ ಇರುತ್ತದೆ. ಗೇರುಬೀಜದ ಫ್ಯಾಕ್ಟರಿಯಲ್ಲಿ ಸಿಪ್ಪೆ ಒಡೆಯುವವರು ಕೈಗೆ ಎಣ್ಣೆ ಸವರಿಕೊಂಡೋ ಗ್ಲೌಸ್ ಹಾಕಿಕೊಂಡೋ ಕೂರುವುದು ಸುಮ್ನೆ ಅಲ್ಲ. ಒಡಕು ಮುಚ್ಚಿದ ಹಾಗೆ ಕಾಣುವುದು ಚರ್ಮ ಸುಟ್ಟು ಕರಿಯಾಗಿ ಗಟ್ಟಿಯಾಗುವುದರಿಂದ. ಕೆಲವರಿಗೆ ಅಲರ್ಜಿಯಾಗಿ ಮೊಣಕಾಲ ತನಕ ಗುಳ್ಳೆ ಏಳುತ್ತದೆ. ಮಾವನಿಗೆ ಆಗಿ ಬಂದಿರಬಹುದು, ಅವರ ಚರ್ಮ ಬೇರೆ, ನಿಮ್ಮದು ಬೇರೆ.

ಪ್ರಶ್ನೆ: ತಂದೆಗೆ 68 ವರ್ಷ, ಸಕ್ಕರೆ ಕಾಯಿಲೆ. ಹಿಮ್ಮಡಿ ಆಳಕ್ಕೆ ಒಡೆದಿದೆ, ಕೆಂಪು ಕಾಣುತ್ತದೆ. ನೋವೇ ಇಲ್ಲ ಎನ್ನುತ್ತಾರೆ. ಶೇವಿಂಗ್ ಬ್ಲೇಡಿನಿಂದ ಅವರೇ ಕೆರೆದುಕೊಳ್ಳುತ್ತಾರೆ. ಬಿಸಿನೀರಲ್ಲಿ ಕಾಲಿಡಿಸಲೇ? (ಮಗ, ಸುರತ್ಕಲ್)

ಉತ್ತರ: ಬೇಡ. ಮೊದಲು ಆ ಬ್ಲೇಡ್ ತೆಗೆದು ಬಚ್ಚಿಡಿ.

ಇಷ್ಟು ಆಳಕ್ಕೆ ಒಡೆದ ಕಾಲು ನೋಯಲೇಬೇಕು. ನೋಯುವುದಿಲ್ಲ ಎಂದರೆ ಕಾಲಿನ ನರಗಳಿಗೆ ಸ್ಪರ್ಶ ಗೊತ್ತಾಗುತ್ತಿಲ್ಲ ಅಂತ ಅರ್ಥ. ಚಪ್ಪಲಿಯೊಳಗೆ ಮೊಳೆ ನೆಟ್ಟಿದ್ದರೂ ಅಂಗಡಿಯಿಂದ ಮನೆ ತನಕ ನಡೆದು ಬಂದು, ರಕ್ತದ ಹೆಜ್ಜೆ ಹೆಂಡತಿ ನೋಡಿದ ಮೇಲೆ ಗೊತ್ತಾದವರು ನಮ್ಮ ಡ್ರೆಸಿಂಗ್ ರೂಮಿಗೆ ಬಂದಿದ್ದರು. ಹಂಡೆಯ ನೀರಿನ ಬಿಸಿ ತಿಳಿಯದೆ ಕಾಲಿಟ್ಟು, ಪಾದದ ತುಂಬ ಗುಳ್ಳೆ ಎದ್ದು ಬಂದವರೂ ಇದ್ದರು. ಅದಕ್ಕೇ ಸಕ್ಕರೆ ಕಾಯಿಲೆ ಇದ್ದವರಿಗೆ ಮೇಲೆ ಕಟಪಾಡಿಯವರಿಗೆ ಹೇಳಿದ ಬೇಸಿನ್, ಕಲ್ಲು ಎರಡೂ ಬೇಡ. ತಣ್ಣೀರು ಅಥವಾ ಬರೀ ಬೆಚ್ಚಗಿನ ನೀರಲ್ಲಿ ಬೇಗ ತೊಳೆದು ಒರೆಸಿ. ನೀರಿನ ಬಿಸಿಯನ್ನು ನೋಡುವುದು ನೀವು, ಅವರಲ್ಲ, ಅದೂ ಮೊಣಕೈ ಅದ್ದಿ.

ಮೆಡಿಕಲ್‌ನಲ್ಲಿ 10 ಶೇಕಡಾ ಯೂರಿಯಾ ಇರುವ ಕ್ರೀಮ್ ಸಿಗುತ್ತದೆ. (ಸೊಸೈಟಿಯಿಂದ ತಂದ ಗೊಬ್ಬರದ ಯೂರಿಯಾ ಕಲಸಲು ಹೋಗಬೇಡಿ ಮಾರಾಯ್ರೆ, ಹಾಗೆ ಕೇಳಿದವರೂ ಇದ್ದಾರೆ.) ಒಡೆಯದೆ ಬರೀ ಒಣಗಿದ ಚರ್ಮಕ್ಕೆ ದಿನಕ್ಕೆ ಎರಡು ಸಲ ಅದನ್ನು ಹಚ್ಚಿ, ಬೆರಳ ಸಂದಿಗೆ ಬೇಡ. 20, 25 ಶೇಕಡಾ ಇರುವುದು ದಪ್ಪ ಚರ್ಮವನ್ನು ಕರಗಿಸುತ್ತದೆ, ಸ್ಯಾಲಿಸಿಲಿಕ್ ಆಸಿಡ್ ಇರುವುದೂ ಹಾಗೆಯೇ. ಇವು, ಆಣಿಗೆ ಅಂಟಿಸುವ ಪ್ಲಾಸ್ಟರ್ ಯಾವುದನ್ನೂ ಡಾಕ್ಟರನ್ನು ಕೇಳದೆ ತಂದೆಯವರಿಗೆ ಹಚ್ಚಬೇಡಿ.

ದಿನಾ ಸಂಜೆ ಅವರ ಅಂಗಾಲನ್ನು ನೀವೇ ನೋಡಿ. ಮಗನ ಕೈಯಲ್ಲಿ ಕಾಲು ಮುಟ್ಟಿಸಿಕೊಳ್ಳಲು ಸಂಕೋಚ ಪಡುತ್ತಾರೆ, ಗೊತ್ತು. ನೆಲದ ಮೇಲೆ ಒಂದು ಕನ್ನಡಿ ಇಟ್ಟು ಅದರ ಮೇಲೆ ಕಾಲು ಹಿಡಿಯಲು ಹೇಳಿ, ಪಕ್ಕದಲ್ಲಿ ಕೂತು ನೋಡಿ. ಮನೆಯೊಳಗೂ ಚಪ್ಪಲಿ ಬೇಕು, ಹಾಕುವ ಮೊದಲು ಕೊಡವಬೇಕು. ದೇವಸ್ಥಾನಕ್ಕೆ ಬೆಳಗ್ಗೆ ಬೇಗ ಕರೆದುಕೊಂಡು ಹೋಗಿ. ಮಧ್ಯಾಹ್ನದ ಬಿಸಿಲಿಗೆ ಕಾದ ಅಂಗಳದ ಕಲ್ಲಿನಲ್ಲಿ ಪ್ರದಕ್ಷಿಣೆ ಬಂದರೆ ಅವರಿಗೆ ಸುಟ್ಟದ್ದೂ ತಿಳಿಯುವುದಿಲ್ಲ.

ಈಗ ಇರುವ ಬಿರುಕಿಗೆ ಈ ವಾರವೇ ಡಾಕ್ಟರಿಗೆ ತೋರಿಸಿ. ಮಂಗಳೂರಿನಲ್ಲಿ ಸರ್ಕಾರಿ ವೆನ್ಲಾಕ್ ಆಸ್ಪತ್ರೆ ಉಂಟು, ಉಡುಪಿಯವರಿಗೆ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ ಉಂಟು. ಖಾಸಗಿಯೇ ಆಗಬೇಕೆಂದಿಲ್ಲ. ಸುತ್ತ ಕೆಂಪಾಗಿದ್ದರೆ, ಬಿಸಿಯಾಗಿದ್ದರೆ, ಕೀವು ಅಥವಾ ವಾಸನೆ ಬಂದರೆ, ಚರ್ಮ ಕಪ್ಪಾದರೆ ವಾರ ಕಾಯುವುದಲ್ಲ, ಆ ದಿನವೇ ಹೋಗಬೇಕು.

ಪ್ರಶ್ನೆ: ಅಮ್ಮ ಬಂದರಿನಲ್ಲಿ ಮೀನು ವಿಂಗಡಿಸುವ ಕೆಲಸಕ್ಕೆ ಹೋಗುತ್ತಾರೆ. ಉಪ್ಪುನೀರು, ಐಸ್. ಹಿಮ್ಮಡಿ ಒಡೆದು ರಕ್ತ ಬರುತ್ತದೆ. ಕೆಲಸ ಬಿಡಲು ಆಗುವುದಿಲ್ಲ. (ಮಗಳು, ಮಲ್ಪೆ)

ಉತ್ತರ: ಕೆಲಸ ಬಿಡಿ ಅಂತ ನಾನು ಹೇಳುವುದಿಲ್ಲ ಮಗಳೇ. ರಕ್ತ ಬರುವ ಬಿರುಕಿಗೆ ಕಲ್ಲು ಮುಟ್ಟಿಸಬೇಡಿ. ಸಿಹಿನೀರು, ಸಾಬೂನಿನಲ್ಲಿ ತೊಳೆದು, ಒರೆಸಿ, ಬಿರುಕಿನೊಳಗೆ ಸ್ವಲ್ಪವೇ ಜೆಲ್ಲಿ ತುಂಬಿ. ಅಕ್ಕಪಕ್ಕದ ಚರ್ಮಕ್ಕೆ ತಾಗಿದ ಜೆಲ್ಲಿಯನ್ನು ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಟೇಪ್ ಹಿಡಿಯುವುದಿಲ್ಲ. ಆಮೇಲೆ ಬಟ್ಟೆಯ ಮೆಡಿಕಲ್ ಟೇಪ್‌ನ ಒಂದು ತುಂಡು ತೆಗೆದುಕೊಂಡು ಬಿರುಕಿಗೆ ಅಡ್ಡವಾಗಿ ಹಾಕಬೇಕು. ಉದ್ದಕ್ಕೆ ಹಾಕಿದರೆ ಪ್ರಯೋಜನವಿಲ್ಲ. ಒಂದು ಬದಿ ಅಂಟಿಸಿ, ಹೆಬ್ಬೆರಳಿನಿಂದ ಬಿರುಕಿನ ಎರಡೂ ಅಂಚನ್ನು ಹತ್ತಿರ ಒತ್ತಿ ಹಿಡಿದು, ಇನ್ನೊಂದು ಬದಿ ಅಂಟಿಸಿ. ಮಾಡಿದ ಕೂಡಲೇ ನಡೆಯುವ ನೋವು ಕಡಿಮೆಯಾಗುವುದು ಅಮ್ಮನಿಗೇ ಗೊತ್ತಾಗುತ್ತದೆ. ಟೇಪ್ ಒದ್ದೆಯಾದರೆ ತೆಗೆದು ಬೇರೆ ಹಾಕಿ.

ಕೆಲಸಕ್ಕೆ ಹೊರಡುವಾಗ ಉಳಿದ ಪಾದಕ್ಕೆ ತೆಳ್ಳಗೆ ಜೆಲ್ಲಿ, ಅದರ ಮೇಲೆ ಸಾಕ್ಸ್, ಗಂಬೂಟು. ಎರಡು ಜೊತೆ ಸಾಕ್ಸ್ ಇರಲಿ, ಒಂದು ಒದ್ದೆಯಾದರೆ ಇನ್ನೊಂದು. ಮನೆಗೆ ಬಂದ ಮೇಲೆ ಬೂಟನ್ನು ತಲೆಕೆಳಗೆ ಮಾಡಿ ಒಣಗಲು ಬಿಡಿ. ಮೀನಿನ ಮುಳ್ಳು ಚುಚ್ಚಿದ್ದರೆ ಟಿಟಿ ಇಂಜೆಕ್ಷನ್ ಯಾವಾಗ ಆಗಿದೆ ಅಂತ ಆಸ್ಪತ್ರೆಯಲ್ಲಿ ಕೇಳಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲವಲ್ಲ, ಅಮ್ಮನ ಕೆಲಸವೂ ಆಗ ಕಡಿಮೆ ಇದ್ದರೆ ಕಾಲನ್ನು ಪೂರ್ತಿ ಗುಣ ಮಾಡಿಕೊಳ್ಳಲು ಅದೇ ಸಮಯ.

ಪ್ರಶ್ನೆ: ರೀಲ್ಸ್ ನೋಡಿ ಲಿಂಬೆ, ಅಡುಗೆ ಸೋಡಾ ಹಚ್ಚಿದೆ. ಉರಿ ತಡೆಯಲಾಗಲಿಲ್ಲ. ಹಾಸ್ಟೆಲ್‌ನಲ್ಲಿ ಫ್ರೆಂಡ್ ಸೂಪರ್ ಗ್ಲೂ ಹಾಕು ಅನ್ನುತ್ತಾಳೆ. (ವಿದ್ಯಾರ್ಥಿನಿ, ಮಣಿಪಾಲ)

ಉತ್ತರ: ಲಿಂಬೆ ಉಪ್ಪಿನಕಾಯಿಗೆ, ಸೋಡಾ ಗೋಳಿಬಜೆಗೆ, ಗ್ಲೂ ಮುರಿದ ಬಕೆಟಿಗೆ. ನಿನ್ನ ಕಾಲಿಗೆ ಮೂರೂ ಬೇಡ ಮಗಾ. ಗಾಯ ಅಂಟಿಸುವ ಗ್ಲೂ ಆಸ್ಪತ್ರೆಯಲ್ಲಿ ಇರುತ್ತದೆ ನಿಜ, ಆದರೆ ಅದು ಬೇರೆಯೇ ತಯಾರಿ, ಸ್ವಚ್ಛ ಮಾಡಿದ ಗಾಯಕ್ಕೆ ಹಾಕುವಂಥದ್ದು. ಕೊಳೆ ಒಳಗಿಟ್ಟು ಅಂಟಿಸಿದರೆ ಒಳಗೇ ಕೀವಾಗುತ್ತದೆ. ಹಾಸ್ಟೆಲ್‌ನಲ್ಲಿ ಬೇಸಿನ್ ಇಲ್ಲದಿದ್ದರೆ ಸ್ನಾನದ ಬಕೆಟಿನಲ್ಲೇ ಕಾಲು ನೆನೆಸು. ಮತ್ತೆ ಆ ಹಿಂದೆ ಪಟ್ಟಿ ಇಲ್ಲದ ಸ್ಲಿಪ್ಪರ್ ಹಾಕಿ ಗುಡ್ಡ ಹತ್ತಿ ಇಳಿಯುವುದನ್ನು ಸ್ವಲ್ಪ ಕಡಿಮೆ ಮಾಡು. ಹಿಮ್ಮಡಿ ಹಿಡಿದಿಡುವ ಚಪ್ಪಲಿ ಒಂದು ಜೊತೆ ಇರಲಿ.

ಪ್ರಶ್ನೆ: ಒಂದು ಕಾಲಿನ ಅಂಗಾಲು ಪೂರ್ತಿ ಹಿಟ್ಟು ಉದುರಿದ ಹಾಗೆ ಬೆಳ್ಳಗಿದೆ. ತುರಿಕೆ ಉಂಟು. ಯಾವ ಎಣ್ಣೆಗೂ ಜಗ್ಗುವುದಿಲ್ಲ. (ಬಸ್ ಕಂಡಕ್ಟರ್, ಕಂಕನಾಡಿ)

ಉತ್ತರ: ಇದು ಬರೀ ಒಡಕು ಅಲ್ಲ ಅನಿಸುತ್ತದೆ. ದಿನವಿಡೀ ಶೂ, ಬೆವರು. ಫಂಗಸ್ ಇರುವ ಸಾಧ್ಯತೆ ಜಾಸ್ತಿ. ಹೆಬ್ಬೆರಳ ಉಗುರು ಹಳದಿಯಾಗಿ ದಪ್ಪ ಆಗಿದೆಯಾ, ಬೆರಳ ಸಂದು ನೀರು ತಿಂದ ಹಾಗಿದೆಯಾ ನೋಡಿ. ಇದ್ದರೆ ಅನುಮಾನ ಇನ್ನೂ ಗಟ್ಟಿ. ಚರ್ಮದ ಡಾಕ್ಟರು ಸ್ವಲ್ಪ ಪುಡಿ ಕೆರೆದು ಪರೀಕ್ಷೆ ಮಾಡಿ ಹೇಳುತ್ತಾರೆ. ಅಷ್ಟರ ತನಕ ಮೆಡಿಕಲ್‌ನವರು ಕೊಡುವ 'ಎಲ್ಲದಕ್ಕೂ ಆಗುವ' ಟ್ಯೂಬ್ ಹಚ್ಚಬೇಡಿ. ಅದರಲ್ಲಿ ಹೆಚ್ಚಾಗಿ ಸ್ಟೀರಾಯ್ಡ್ ಇರುತ್ತದೆ. ತುರಿಕೆ ನಾಲ್ಕು ದಿನ ನಿಲ್ಲುತ್ತದೆ, ಫಂಗಸ್ ಒಳಗೊಳಗೇ ಹಬ್ಬುತ್ತದೆ.

ಎರಡೂ ಅಂಗಾಲು, ಅಂಗೈ ಕೆಂಪಾಗಿ ದಪ್ಪಗಾಗಿ ಒಡೆಯುವವರು ಸೋರಿಯಾಸಿಸ್ ಇದೆಯಾ ಅಂತ ಕೇಳಿಕೊಳ್ಳಬೇಕು. ಕಾಲು ಒಡೆಯುವುದರ ಜೊತೆ ಕೂದಲು ಉದುರಿ, ಸುಸ್ತಾಗಿ, ನಮ್ಮ ಊರ ಸೆಕೆಯಲ್ಲೂ ಚಳಿ ಚಳಿ ಅನಿಸಿದರೆ ಥೈರಾಯ್ಡ್ ನೋಡಿಸಿ.

ಪ್ರಶ್ನೆ: ಜಾಸ್ತಿ ನೀರು ಕುಡಿದರೆ ಹಿಮ್ಮಡಿ ಸರಿಯಾಗುತ್ತದಾ? (ಓದುಗರು, ಕುಂದಾಪುರ)

ಉತ್ತರ: ಇಲ್ಲ. ಬಾಯಾರಿದರೆ ಕುಡಿಯಿರಿ. ಹಿಮ್ಮಡಿಗೆ ಹೊರಗಿನಿಂದಲೇ ಕೊಡಬೇಕು.

ಪ್ರಶ್ನೆ: ಏಣೇಲು (ಮಳೆಗಾಲದ ಭತ್ತದ) ಬೇಸಾಯಕ್ಕೆ ಗದ್ದೆಗೆ ಇಳಿಯುವಾಗ ಹಿಮ್ಮಡಿ ಒಡೆದಿದ್ದರೆ ಇಲಿಜ್ವರ ಬರುತ್ತದೆ ಎನ್ನುತ್ತಾರೆ. ನಿಜವಾ? ಜೆಲ್ಲಿ ಹಚ್ಚಿ ಇಳಿದರೆ ಸಾಕಾ? (ಕೃಷಿಕರು, ಬ್ರಹ್ಮಾವರ)

ಉತ್ತರ: ನಿಜ. ಇಲಿಯ ಮೂತ್ರ ಸೇರಿದ ನೀರಿನಲ್ಲಿರುವ ರೋಗಾಣು ಗಾಯದ ಮೂಲಕ, ಒಡೆದ ಚರ್ಮದ ಮೂಲಕ ಒಳಗೆ ಬರುತ್ತದೆ. ಜೆಲ್ಲಿ ಕೆಸರು ಅಂಟುವುದನ್ನು ಸ್ವಲ್ಪ ತಡೆಯಬಹುದು, ರೋಗಾಣುವನ್ನು ತಡೆಯುತ್ತದೆ ಅಂತ ನಂಬಬೇಡಿ. ಗಂಬೂಟು ಬೇಕು. ನೇಜಿ ನೆಡುವಾಗ ಗಂಬೂಟು ಕೆಸರಲ್ಲಿ ಹೂತು ಕಿರಿಕಿರಿ ಅನ್ನುವುದು ನನಗೂ ಗೊತ್ತು. ಅದಕ್ಕೇ ಹಿಮ್ಮಡಿಯ ಕೆಲಸ ಎಪ್ರಿಲ್, ಮೇಯಲ್ಲೇ ಶುರು ಮಾಡಿ, ಮಳೆ ಹಿಡಿಯುವಾಗ ಬಿರುಕು ಮುಚ್ಚಿರಬೇಕು. ತೆರೆದ ಬಿರುಕು ಇದ್ದರೆ ನೀರು ಒಳಗೆ ಹೋಗದ ಪ್ಲಾಸ್ಟರ್ ಹಾಕಿ, ಬೂಟಿಲ್ಲದೆ ಇಳಿಯಬೇಡಿ. ಮೇಲೆ ಬಂದ ಕೂಡಲೇ ಸಾಬೂನು ಹಾಕಿ ತೊಳೆಯಿರಿ. ಆಮೇಲೆ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪು ಕಂಡರೆ ಮಾತ್ರೆ ನುಂಗಿ ಮಲಗಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಗದ್ದೆಗೆ ಇಳಿದಿದ್ದೆ ಅಂತ ಅವರು ಕೇಳುವ ಮೊದಲೇ ಹೇಳಿ.